ಹಾಳೆಯ ಎಡದಂಚು

ಆ ಊರಿನವರು ಏನನ್ನೂ ಮಾಡುತ್ತಿರಲಿಲ್ಲ. ಮಾಡುವವರನ್ನು ಕರೆಸುತ್ತಿದ್ದರು.

ಬೀಗ ಬೇಕೆನಿಸಿದಾಗ ಬೀಗದವನನ್ನು ಕರೆಸಿದರು. ಗಂಟೆ ಬೇಕೆನಿಸಿದಾಗ ಎರಕದವನನ್ನು ಕರೆಸಿದರು. ತಮ್ಮ ಮುಖ ತಾವು ನೋಡಿಕೊಳ್ಳಬೇಕೆನಿಸಿತು, ಕನ್ನಡಿಯವಳು ಬಂದಳು. ಎಲ್ಲರೂ ಕಡಲಾಚೆಯವರು. ಎಲ್ಲರೂ ಒಂದೇ ದೋಣಿಯಲ್ಲಿ, ಒಬ್ಬನೇ ಮನುಷ್ಯನ ಬೆನ್ನ ಹಿಂದೆ ಬಂದವರು. ಆ ಮನುಷ್ಯನಿಗೆ ಊರಲ್ಲಿ ಕರೆಯುವವನು ಅಂತಲೇ ಹೆಸರು.

ಕರೆಯುವವನು ಹೊರಗಿನ ಊರುಗಳಿಗೆ ಹೋದಾಗ ಇಲ್ಲಿ ಒಳ್ಳೆಯ ಕೆಲಸಗಾರ ಯಾರು ಎಂದು ಯಾರನ್ನೂ ಕೇಳುತ್ತಿರಲಿಲ್ಲ. ಕೆಲಸದ ಮನೆಗಳ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಒಂದು ದಿನ ನೋಡುತ್ತಿದ್ದ, ಎರಡು ದಿನ ನೋಡುತ್ತಿದ್ದ. ಮೂರನೆಯ ದಿನ ಕುಡಿಯಲು ನೀರು ಕೇಳುತ್ತಿದ್ದ. ನೀರು ಕುಡಿದು ಚೊಂಬು ಕೆಳಗಿಟ್ಟು, "ನಿಮ್ಮ ಕೈ ಇಲ್ಲಿ ದಂಡವಾಗ್ತಿದೆ" ಅನ್ನುತ್ತಿದ್ದ.

ಈ ಮಾತನ್ನು ಅಲ್ಲಿಯವರೆಗೆ ಯಾರೂ ಅವರಿಗೆ ಹೇಳಿರುತ್ತಿರಲಿಲ್ಲ. ತಾವು ಮಾತ್ರ ಹೇಳಿಕೊಂಡಿರುತ್ತಿದ್ದರು.

"ನಮ್ಮೂರಿಗೆ ಬನ್ನಿ. ಒಂದು ಮನೆ, ಮನೆ ಮುಂದೆ ಜಗಲಿ, ಜಗಲಿ ಮೇಲೆ ನೆರಳು. ಊಟ ಊರಿನದು. ಬೆಳಿಗ್ಗೆ ಎದ್ದು ನಿಮ್ಮ ಕೆಲಸ ನೀವು ಮಾಡಿ. ಯಾರೂ ಅವಸರ ಮಾಡಲ್ಲ, ಯಾರೂ ಹೀಗೆ ಮಾಡು ಹಾಗೆ ಮಾಡು ಅನ್ನಲ್ಲ. ನಮಗೆ ಗೊತ್ತಿದ್ದರೆ ತಾನೇ ಅನ್ನೋಕೆ?"

"ವಾಪಸು ಬರೋದು?"

"ಅದೂ ಬರೆದಿದೆ" ಎಂದು ಅವನು ಓಲೆ ಬಿಚ್ಚುತ್ತಿದ್ದ.

ಓಲೆಯಲ್ಲಿ ಮೂರೇ ಸಾಲು. ಬಂದವರು ತಮ್ಮ ಕೆಲಸ ಮಾಡತಕ್ಕದ್ದು. ಊರಿನ ಒಬ್ಬರಿಗೆ ಅದನ್ನು ಕಲಿಸತಕ್ಕದ್ದು. ಕಲಿತವರು ಮಾಡಿದ್ದನ್ನು ಬಂದವರು ಯಾವ ದಿನ ತಮ್ಮದೆಂದು ಎತ್ತಿಕೊಳ್ಳುತ್ತಾರೋ ಆ ದಿನವೇ ಮನೆಗೆ ಹೋಗತಕ್ಕದ್ದು.

ಮೂರನೆಯ ಸಾಲು ಕೇಳಿ ಎಲ್ಲರೂ ನಗುತ್ತಿದ್ದರು. "ಇಷ್ಟೇನಾ? ಬೇಜಾರಾದ ದಿನ ಒಂದು ಸುಳ್ಳು ಹೇಳಿ ಹೊರಟುಬಿಡ್ತೀನಿ."

"ಧಾರಾಳವಾಗಿ" ಅನ್ನುತ್ತಿದ್ದ ಕರೆಯುವವನು. ಅವನೂ ನಗುತ್ತಿದ್ದ.

ಪ್ರತಿ ವರ್ಷ ಮಳೆ ಮುಗಿದು ಕಡಲು ತಣ್ಣಗಾದ ಮೇಲೆ ಎತ್ತುವ ದಿನ ಬರುತ್ತಿತ್ತು. ದಂಡೆಯ ಮೇಲೆ ಉದ್ದಕ್ಕೆ ಚಾಪೆ ಹಾಸುತ್ತಿದ್ದರು. ಒಬ್ಬೊಬ್ಬರ ಮುಂದೆ ಎರಡು ವಸ್ತು. ಒಂದು ಅವರು ಮಾಡಿದ್ದು, ಒಂದು ಕಲಿತವರು ಮಾಡಿದ್ದು. ಯಾವುದು ಯಾರದೆಂಬುದು ಸಾಕ್ಷಿಯಜ್ಜಿಗೆ ಮಾತ್ರ ಗೊತ್ತು. ಎರಡನ್ನೂ ಮಾಡುವಾಗ ಹತ್ತಿರ ಕೂತು ನೋಡಿದವಳು ಅವಳು. ಒಂದಕ್ಕೆ ಕೆಂಪು ದಾರ ಸುತ್ತಿ, ಇನ್ನೊಂದಕ್ಕೆ ಬಿಳಿ ದಾರ ಸುತ್ತಿ, ಯಾವ ಬಣ್ಣ ಯಾರಿಗೆ ಎಂಬುದನ್ನು ಬಾಯೊಳಗೇ ಇಟ್ಟುಕೊಂಡವಳು. ದೋಣಿ ನೀರಿಗಿಳಿದು ಸಿದ್ಧವಾಗಿರುತ್ತಿತ್ತು.

"ನಿನ್ನದು ಎತ್ತು" ಅನ್ನುತ್ತಿದ್ದಳು ಸಾಕ್ಷಿಯಜ್ಜಿ.

ಅವರು ಎತ್ತುತ್ತಿದ್ದರು. ತಮ್ಮದನ್ನೇ ಎತ್ತುತ್ತಿದ್ದರು. ದೋಣಿಯನ್ನು ಮತ್ತೆ ಮರಳಿನ ಮೇಲೆ ಎಳೆಯುತ್ತಿದ್ದರು.

ಸುಳ್ಳು ಹೇಳಿ ಹೋದವರು ಅಜ್ಜಿಯ ನೆನಪಿನಲ್ಲಿ ಒಬ್ಬರೂ ಇರಲಿಲ್ಲ. ಬಂದವರು ಸತ್ಯವಂತರೇನೂ ಅಲ್ಲ. ಬೀಗದವನು ದಿನಕ್ಕೆ ಹತ್ತು ಸುಳ್ಳು ಹೇಳುತ್ತಿದ್ದ. ಅವನು ಬಂದು ಇಪ್ಪತ್ತಾರು ವರ್ಷವಾಗಿತ್ತು. ಪ್ರತಿ ವರ್ಷ ಎತ್ತುವ ದಿನ ಬೆಳಿಗ್ಗೆ ಗಂಟು ಕಟ್ಟಿ ಹೆಗಲಿಗೇರಿಸಿ ಬರುತ್ತಿದ್ದ. "ಈ ಸಲ ನೋಡ್ತಾ ಇರಿ, ಸುಳ್ಳು ಹೇಳೇ ಹೇಳ್ತೀನಿ. ಸಾಯಂಕಾಲದ ಊಟಕ್ಕೆ ನನಗೆ ಕಾಯಬೇಡಿ" ಎಂದು ಬೀದಿಗೆಲ್ಲ ಸಾರುತ್ತಿದ್ದ. ಚಾಪೆಯ ಮುಂದೆ ಬಗ್ಗಿ ತನ್ನ ಬೀಗವನ್ನೇ ಎತ್ತಿ, ಅದನ್ನು ನೋಡಿ, "ಥೂ ನಿನ್ನ" ಎಂದು ಅದಕ್ಕೇ ಬಯ್ದು, ಗಂಟು ಹೊತ್ತು ಮನೆಗೆ ಹೋಗುತ್ತಿದ್ದ.

ಅಂಥ ಊರಿಗೆ ಕಾಗದದವನು ಬಂದು ಹತ್ತೊಂಬತ್ತು ವರ್ಷವಾಗಿತ್ತು.

ಅವನಿಗೆ ಮೊದಲು ಕೊಟ್ಟ ಶಿಷ್ಯ ಒಬ್ಬ ಮಾತಿನ ಮಲ್ಲ. ಕಾಗದದವನು ಎಂಟು ವರ್ಷ ತಾಳಿಕೊಂಡು ಅವನನ್ನು ಊರಿಗೆ ಒಪ್ಪಿಸಿಬಿಟ್ಟ. "ಮಾತಾಡಿದರೆ ಉಸಿರು ಅಲುಗುತ್ತೆ. ಉಸಿರು ಅಲುಗಿದರೆ ತೊಟ್ಟಿಯ ನೀರು ಅಲುಗುತ್ತೆ. ಮಾತಾಡದವರು ಇದ್ದರೆ ಕಳಿಸಿ" ಎಂದ.

ಮಾತಾಡದವರನ್ನು ಹುಡುಕುವುದು ಕಷ್ಟವಾಗಲಿಲ್ಲ. ಊರಿಗೆಲ್ಲ ಗೊತ್ತಿದ್ದ ಹುಡುಗಿ ಒಬ್ಬಳಿದ್ದಳು. ಮನೆಗೆ ಯಾರಾದರೂ ಬಂದರೆ ಬಾಗಿಲ ಹಿಂದೆ ನಿಲ್ಲುವವಳು. ನೋಡಲು ಬಂದ ಗಂಡಿನ ಕಡೆಯವರು ಇವಳು ಮೂಗಿಯೇ ಇರಬೇಕೆಂದು ಉಪ್ಪಿಟ್ಟು ತಿಂದು ಎದ್ದುಹೋಗಿದ್ದರು. ಅವಳನ್ನು ತೊಟ್ಟಿಯ ಮನೆಗೆ ಕಳಿಸಿದರು. ಆಮೇಲೆ ಎಲ್ಲರೂ ಅವಳನ್ನು ಕಲಿಯುವವಳು ಅಂದರು. ಅವಳಿಗೂ ಅದು ಹಿತವಾಯಿತು. ಬಾಗಿಲ ಹಿಂದೆ ನಿಲ್ಲುವುದಕ್ಕಿಂತ ತೊಟ್ಟಿಯ ಮುಂದೆ ನಿಲ್ಲುವುದು ವಾಸಿ.

ಕೆಲಸ ಇಷ್ಟೇ. ಹಳೇ ಬಟ್ಟೆಯ ಚಿಂದಿಯನ್ನು ನೆನೆಸಿ, ಎತ್ತಿನ ಕಾಲಲ್ಲಿ ತುಳಿಸಿ, ಅಂಬಲಿಯಂತೆ ತೆಳ್ಳಗೆ ಮಾಡಿ ತೊಟ್ಟಿಗೆ ಸುರಿಯುವುದು. ಜರಡಿ ಅದ್ದುವುದು. ಎತ್ತುವುದು. ಒಮ್ಮೆ ಆಚೆ, ಒಮ್ಮೆ ಈಚೆ. ಹೀಗೆ ವಾಲಿಸಿ ನೀರಿಳಿಯಲು ಬಿಡುವುದು. ಕಂಬಳಿಯ ಮೇಲೆ ಕವುಚುವುದು. ಮತ್ತೆ ಅದ್ದುವುದು. ಎತ್ತುವುದು. ಒಮ್ಮೆ ಆಚೆ, ಒಮ್ಮೆ ಈಚೆ.

ಐದನೆಯ ವರ್ಷಕ್ಕೆ ಅವಳ ಹಾಳೆಯಲ್ಲಿ ಒಂದು ಕುಂದೂ ಇರಲಿಲ್ಲ. ಬೆಳಕಿಗೆ ಹಿಡಿದರೆ ಮೋಡವಿಲ್ಲದ ಆಕಾಶದ ಹಾಗೆ, ಅಂಚಿನಿಂದ ಅಂಚಿಗೆ ಒಂದೇ ಸಮ. ಊರಿನವರು ಮುಟ್ಟಿ ಮುಟ್ಟಿ ನೋಡಿದರು. ಈ ಸಲ ದೋಣಿ ಹೊರಡುವುದು ಖಂಡಿತ ಅಂದರು. ಕಾಗದದವನು ಚಾಪೆಯ ಮುಂದೆ ಬಗ್ಗಿದ. ಎರಡೂ ಹಾಳೆಯನ್ನು ಬಿಸಿಲಿಗೆ ಹಿಡಿದ. ಕಣ್ಣು ಮಿಟುಕಿಸುವಷ್ಟರಲ್ಲಿ ತನ್ನದನ್ನು ಎತ್ತಿದ.

ಮನೆಗೆ ಹೋಗುವ ದಾರಿಯಲ್ಲಿ ಅವಳು ಐದು ವರ್ಷದಲ್ಲಿ ಮೊದಲ ಸಲ ಒಂದು ಪ್ರಶ್ನೆ ಕೇಳಿದಳು. "ಹೇಗೆ ಗೊತ್ತಾಯ್ತು?"

"ನಿನ್ನದರಲ್ಲಿ ತಪ್ಪಿಲ್ಲ" ಎಂದ ಕಾಗದದವನು.

"ನಿಮ್ಮದರಲ್ಲಿ?"

ಅವನು ತನ್ನ ಹಾಳೆಯನ್ನು ಬೆಳಕಿಗೆ ಹಿಡಿದು ಎಡದಂಚಿನ ಮೇಲೆ ಹೆಬ್ಬೆರಳು ಆಡಿಸಿದ. ಅಲ್ಲಿ ಉದ್ದಕ್ಕೂ ಒಂದು ಗೆರೆ. ಹಾಲಿನ ಬಟ್ಟಲಿನ ಅಂಚಿಗೆ ಅಂಟಿದ ಕೆನೆಯಷ್ಟು ದಪ್ಪ. "ಇದು" ಎಂದ. "ಇದೆಲ್ಲಿದ್ದರೂ ಗುರುತು ಹಿಡೀತೀನಿ."

ಅವತ್ತು ಅವಳಿಗೆ ಕಡಲಾಚೆಯಿಂದ ಬಂದವರ ಇಡೀ ಬೀದಿ ಅರ್ಥವಾಯಿತು. ಬೀಗದವನ ಬೀಗದಲ್ಲಿ ಚಾವಿ ಮೂರನೇ ಸುತ್ತಿಗೆ ಚೂರು ಕಚ್ಚುತ್ತಿತ್ತು. ಎರಕದವನ ಗಂಟೆ ನಿಂತ ಮೇಲೂ ಸೊಳ್ಳೆಯ ಹಾಗೆ ಗುಂಯ್ ಅನ್ನುತ್ತಿತ್ತು. ಬಂದವರು ತಮ್ಮ ತಪ್ಪನ್ನು ಕಂಡು ತಮ್ಮದನ್ನು ಎತ್ತುತ್ತಿದ್ದರು. ಕಲಿಯುವವರು ಮಾತ್ರ ಹಗಲಿಡೀ ಕೂತು ಆ ತಪ್ಪನ್ನೇ ತಿದ್ದುತ್ತಿದ್ದರು. ಹೀಗಿದ್ದಮೇಲೆ ಯಾರಾದರೂ ಮೋಸಹೋಗುವುದು ಹೇಗೆ?

ಅವಳು ಇದನ್ನು ಯಾರಿಗೂ ಹೇಳಲಿಲ್ಲ. ಹೇಳುವ ಜಾತಿಯವಳಲ್ಲ. ಹೇಳಬೇಕಾದ ಜರೂರೂ ಇರಲಿಲ್ಲ. ಅವಳ ಹಾಳೆಗೆ ಬೆಲೆ ಬಂದಿತ್ತು. ಊರಲ್ಲಿ ಹುಟ್ಟಿದವರ ಹೆಸರನ್ನೆಲ್ಲ ಬರೆದಿಡುವ ಹೆಸರಿನ ಪುಸ್ತಕ ಮುಗಿಯುತ್ತ ಬಂದಿತ್ತು. ಹೊಸ ಪುಸ್ತಕಕ್ಕೆ ಅವಳ ಹಾಳೆಯೇ ಆಗಬೇಕೆಂದು ಹಿರಿಯರು ತೀರ್ಮಾನಿಸಿದ್ದರು. ಊರಿನ ಹೆಣ್ಣುಮಗಳ ಕೈಯಲ್ಲಿ ಆದದ್ದು, ಊರಿನ ಹೆಸರು ಅದರ ಮೇಲೆ. ಅಂಥದ್ದು ಹಿಂದೆಂದೂ ಆಗಿರಲಿಲ್ಲ. ಅವಳ ಅಮ್ಮ ಬೀದಿಯಲ್ಲಿ ನಡೆಯುವಾಗ ಸೆರಗನ್ನು ಒಂದು ಗೇಣು ಮುಂದಕ್ಕೆಳೆದುಕೊಂಡು ನಡೆಯುತ್ತಿದ್ದಳು.

ಅವಳು ತೊಟ್ಟಿಯ ಮನೆಗೆ ಬಂದ ಹನ್ನೊಂದನೆಯ ವರ್ಷ, ಮಳೆಗೆ ಮೊದಲು, ಕರೆಯುವವನು ಹಡಗಿನ ಹಗ್ಗ ಹೊಸೆಯುವವನೊಬ್ಬನನ್ನು ಕರೆತಂದ. ಅವನನ್ನು ಮನೆಗೆ ಸೇರಿಸಿ, ತೊಟ್ಟಿಯ ಮನೆಯ ಬಾಗಿಲಿಗೆ ಬಂದು ನಿಂತ.

"ಕಾಗದದಣ್ಣ, ನಿಮ್ಮೂರ ಮೇಲೇ ಬಂದೆ."

"ಏನು ಸಮಾಚಾರ?" ಕಾಗದದವನು ಜರಡಿ ಅದ್ದುತ್ತಿದ್ದ.

"ಎಲ್ಲ ಚೆನ್ನಾಗಿದೆ. ನಿಮ್ಮ ಕಾಗದದ ಮನೆಯೂ ಇದೆ. ಆದರೆ ಹೊಳೆ ತಿರುಗಿಸ್ತಿದಾರೆ. ಮೇಲೆಲ್ಲೋ ಕೋಟೆ ಕಟ್ಟಿದಾರಂತೆ, ಕಂದಕಕ್ಕೆ ನೀರು ಬೇಕಂತೆ. ಇನ್ನೊಂದು ವರ್ಷ ನಡೆದರೆ ಹೆಚ್ಚು. ಆಮೇಲೆ ನೀರೊನಕೆ ನಿಲ್ಲುತ್ತೆ."

"ನಿಲ್ಲುತ್ತಾ?"

"ನಿಲ್ಲುತ್ತೆ, ಮತ್ತೆ. ನೀರಿಲ್ಲದೆ ಒನಕೆ ಹೇಗೆ ಎದ್ದೀತು?"

"ಅದೂ ಸರಿ" ಎಂದ ಕಾಗದದವನು. ಜರಡಿ ಎತ್ತಿದ. ಒಮ್ಮೆ ಆಚೆ, ಒಮ್ಮೆ ಈಚೆ.

ಆ ವಾರ ಅವನ ಹಾಳೆಯ ಗೆರೆ ಎರಡು ಬೆರಳಿನಷ್ಟು ಅಗಲವಾಯಿತು. ಮುಂದಿನ ವಾರವೂ ಹಾಗೇ ಇತ್ತು. ಊರಿನವರು, "ಕಾಗದದವನಿಗೆ ವಯಸ್ಸಾಯ್ತು ಪಾಪ" ಅಂದುಕೊಂಡರು. ವಯಸ್ಸಾಗಿರಲಿಲ್ಲ. ಕಲಿಯುವವಳು ಪಕ್ಕದಲ್ಲಿ ನಿಂತು ನೋಡುತ್ತಿದ್ದಳು. ಅವನು ಜರಡಿ ಎತ್ತಿ, ಆಚೆ ವಾಲಿಸುವ ಮೊದಲು, ನಿಲ್ಲುತ್ತಿದ್ದ. ಮೊದಲೂ ರೆಪ್ಪೆ ಬಡಿಯುವಷ್ಟು ಹೊತ್ತು ನಿಲ್ಲುತ್ತಿದ್ದ. ಈಗ ಉಸಿರು ಎಳೆದು ಬಿಡುವಷ್ಟು ಹೊತ್ತು ನಿಲ್ಲುತ್ತಿದ್ದ. ಆಗೆಲ್ಲ ಅವನ ಕತ್ತು ಒಂದು ಪಕ್ಕಕ್ಕೆ ವಾಲುತ್ತಿತ್ತು. ಅಂಬಲಿ ಎಡಗಡೆಗೆ ಸರಿದು ಅಲ್ಲೇ ಕೂರುತ್ತಿತ್ತು.

"ಅಲ್ಲಿ ಏನನ್ನ ಕೇಳಿಸ್ಕೊಳ್ತೀರಿ?" ಎಂದಳು.

ಅವನು ಜರಡಿ ಕೆಳಗಿಟ್ಟ. ಯಾರೂ ಅದನ್ನು ಕೇಳಿರಲಿಲ್ಲ. ಅವನು ತನ್ನನ್ನೇ ಕೇಳಿಕೊಂಡಿದ್ದನೋ ಇಲ್ಲವೋ.

"ನಮ್ಮಲ್ಲಿ ಕಾಗದದ ಮನೆ ಹೊಳೆ ಮೇಲೇ ಇರುತ್ತೆ" ಎಂದ. "ಚಿಂದಿ ಕುಟ್ಟೋಕೆ ಎತ್ತು ಇಲ್ಲ. ಹೊಳೆ ಚಕ್ರ ತಿರುಗಿಸುತ್ತೆ, ಚಕ್ರ ಒನಕೆ ಎತ್ತುತ್ತೆ. ಮೂರು ಒನಕೆ, ಒಂದೊಂದೂ ಆಳುದ್ದ. ಬಿದ್ದರೆ ನೆಲ ಅದುರುತ್ತೆ. ಆ ಏಟಿಗೇ ನಾವೆಲ್ಲ ಜರಡಿ ಎತ್ತೋದು, ಆ ಏಟಿಗೇ ವಾಲಿಸೋದು. ಹಾಲುಹಲ್ಲು ಬೀಳೋ ಮೊದಲೇ ಅದು ಕೈಗೆ ಬಂದಿರುತ್ತೆ." ತನ್ನ ಕೈಯನ್ನು ಬೇರೆಯವರ ಸಾಮಾನಿನ ಹಾಗೆ ತಿರುಗಿಸಿ ನೋಡಿದ. "ಇಲ್ಲಿ ಒನಕೆ ಇಲ್ಲ, ಎತ್ತಿನ ಕಾಲಿಗೆ ಸದ್ದಿಲ್ಲ ಅಂತ ಇದಕ್ಕೆ ಹತ್ತೊಂಬತ್ತು ವರ್ಷದಿಂದ ಹೇಳ್ತಿದೀನಿ. ಕೇಳಲ್ಲ. ನಿಂತು ಕಾಯುತ್ತೆ."

ಊರಿಗೆ ಹೋಗಬೇಕೆಂದು ಅವನು ಹೇಳಲಿಲ್ಲ. ಆ ಬೀದಿಯಲ್ಲಿ ಯಾರೂ ಹಾಗೆ ಹೇಳುತ್ತಿರಲಿಲ್ಲ.

"ಈ ಸಲ ನನ್ನದನ್ನ ಎತ್ತಿ" ಎಂದಳು ಅವಳು. ಎಂದಮೇಲೆ ತನ್ನ ದನಿಗೆ ತಾನೇ ಬೆಚ್ಚಿದಳು.

"ಪ್ರತಿ ವರ್ಷ ಹಾಗಂದುಕೊಂಡೇ ಹೋಗ್ತೀನಿ ತಾಯಿ. ಅಲ್ಲಿ ಬಗ್ಗಿದ ಮೇಲೆ... ನಿನ್ನ ಮಗು ಕಾಲ ಹತ್ತಿರ ಅಳ್ತಾ ಇದೆ ಅಂದ್ಕೋ. ಪಕ್ಕದ ಮನೆ ಮಗುನ ಎತ್ತಿಕೊಂಡು ಹೋಗ್ತೀಯಾ? ಅದು ಎಷ್ಟೇ ಚಂದ ಇರಲಿ."

ಅವಳು ತನ್ನ ಜರಡಿಯನ್ನು ತೊಟ್ಟಿಯ ಅಂಚಿಗೆ ಒರಗಿಸಿಟ್ಟಳು. ಆಮೇಲೆ, "ಆ ಏಟು ಹೇಗಿತ್ತು? ತಟ್ಟಿ ತೋರಿಸಿ" ಎಂದಳು.

ಅವನು ಕಂಬಳಿ ಹಾಸುವ ಹಲಗೆಯ ಮೇಲೆ ಅಂಗೈಯಿಂದ ತಟ್ಟಿದ. ಧಬ್. ಧಬ್. ಆಮೇಲೆ ಏನೂ ಇಲ್ಲ. ಇನ್ನು ಬರುವುದಿಲ್ಲ ಅನ್ನಿಸುವಷ್ಟು ಹೊತ್ತು ಏನೂ ಇಲ್ಲ. ಆಮೇಲೆ, ಧಬ್.

"ಮೂರನೇದು ದೊಡ್ಡದು" ಎಂದ. "ಏಳೋದು ನಿಧಾನ."

ಮೊದಲು ಅವಳು ಎಣಿಸಿ ನೋಡಿದಳು. ಜರಡಿ ಎತ್ತಿ, ಒಂದು ಎರಡು ಮೂರು ನಾಲ್ಕು ಎಂದು ಎಣಿಸಿ, ಆಚೆ ವಾಲಿಸಿದಳು. ಗೆರೆ ಬಂತು. ಆದರೆ ಅದು ಹಲಗೆ ಇಟ್ಟು ಎಳೆದಷ್ಟು ನೆಟ್ಟಗಿತ್ತು. ಅವನ ಗೆರೆ ಹಾಗಲ್ಲ. ಅಂಚಿನಲ್ಲಿ ದಪ್ಪವಾಗಿ ಶುರುವಾಗಿ, ಮರಳಿನ ಮೇಲೆ ಅಲೆ ಇಂಗಿದ ಹಾಗೆ ಒಳಗೊಳಗೆ ಕರಗುತ್ತಿತ್ತು. ಎಣಿಸುವವಳ ಕೈಗೆ ಏಟು ಬರುವುದಿಲ್ಲವೆಂದು ಗೊತ್ತಿರುತ್ತದೆ. ಬರುತ್ತದೆಂದು ನಂಬಿದ ಕೈ ಮಾತ್ರ ಹಾಗೆ ಸೋಲುತ್ತದೆ. ಅವಳು ಹಾಳೆಯನ್ನು ಮುದ್ದೆ ಮಾಡಿ ತೊಟ್ಟಿಗೆ ಹಾಕಿದಳು.

"ನೀವು ತಟ್ಟುತ್ತಾ ಇರಿ. ನಾನು ಎತ್ತುತ್ತೀನಿ" ಎಂದಳು.

ಅವನಿಗೆ ಖುಷಿಯಾಯಿತು. ಯಾಕೆ ಅಂತ ಕೇಳಲಿಲ್ಲ. ಮಳೆಗಾಲವಿಡೀ ಅವನು ಹಲಗೆಯ ಪಕ್ಕ ಕೂತು ತಟ್ಟಿದ. ಧಬ್, ಧಬ್... ಧಬ್. ಅವಳು ಅದ್ದಿದಳು, ಎತ್ತಿದಳು. ಮೂರನೆಯ ಏಟಿಗೆ ಆಚೆ, ಮತ್ತೆ ಮೂರನೆಯ ಏಟಿಗೆ ಈಚೆ. ಹೊರಗೆ ಹೋಗುವವರು ಬಾಗಿಲಲ್ಲಿ ಇಣುಕಿ, "ಏನಮ್ಮ ಒಳಗೆ, ಮದುವೆಯಾ? ಡೋಲು ಮಾತ್ರ ಕೇಳಿಸುತ್ತೆ, ಊಟ ಕಾಣಲ್ಲ" ಅನ್ನುತ್ತಿದ್ದರು. ಬೀಗದವನು ಬಂದು ಎರಡು ದಿನ ಕೂತು ಕೇಳಿ, "ಇದೇನು ಸಂಗೀತವಯ್ಯ, ಕುಂಟ ಎಮ್ಮೆ ನಡೆದ ಹಾಗೆ" ಎಂದು ಎದ್ದುಹೋದ. ಕಾಗದದವನು ನಗುತ್ತ ತಟ್ಟಿದ. ಒನಕೆಯ ಹತ್ತಿರ ಕೂತ ಮುದುಕಿಯರು ಏನು ಹಾಡುತ್ತಿದ್ದರು, ಯಾವ ಒನಕೆಗೆ ಯಾವ ಹೆಸರಿತ್ತು, ಎಲ್ಲ ಹೇಳುತ್ತ ತಟ್ಟಿದ. ದೊಡ್ಡ ಒನಕೆಯ ಹೆಸರು ಸೋಂಬೇರಿ.

ಮಳೆ ಹಿಡಿದ ಹಾಗೇ ಬಿಟ್ಟಿತು. ಒಂದು ಬೆಳಿಗ್ಗೆ ಅವಳು, "ಈಗ ನಿಲ್ಲಿಸಿ" ಎಂದಳು.

ಅವನು ಕೈ ಎತ್ತಿದ. ಮನೆ ನಿಶ್ಶಬ್ದವಾಯಿತು. ಅವಳು ಜರಡಿ ಅದ್ದಿದಳು. ಎತ್ತಿದಳು. ಅವಳ ಕೈ ನಿಂತಿತು. ಅವಳು ನಿಲ್ಲಿಸಲಿಲ್ಲ. ತಾನಾಗಿ ನಿಂತಿತು. ಕಂಡಿಲ್ಲದ ಹೊಳೆಯ ಮೇಲಿನ, ಕೇಳಿಲ್ಲದ ಒನಕೆ, ಇನ್ನೇನು ಬೀಳಬೇಕು. ಬೀಳಲಿಲ್ಲ. ಕೈ ಸೋತು ಆಚೆ ವಾಲಿತು.

"ಎಲ್ಲಿ, ನೋಡೋಣ" ಎಂದು ಅವನು ಎದ್ದ.

ಅವಳು ಜರಡಿಯನ್ನು ತೊಟ್ಟಿಯೊಳಕ್ಕೆ ಅದುಮಿಬಿಟ್ಟಳು. "ಕೆಟ್ಟುಹೋಯ್ತು" ಎಂದಳು. ಹುಟ್ಟಿದಮೇಲೆ ಹೇಳಿದ ಮೊದಲ ಸುಳ್ಳು. ನಾಲಿಗೆಗೆ ಏನೂ ಆಗಲಿಲ್ಲ.

ಎತ್ತುವ ದಿನದ ಹಿಂದಿನ ಬೆಳಿಗ್ಗೆ ಸಾಕ್ಷಿಯಜ್ಜಿ ಮಣೆ ಹಿಡಿದುಕೊಂಡು ಬಂದಳು. ಕಾಗದದವನು ತನ್ನ ಹಾಳೆ ಮಾಡಿ, ಕ್ರಮದಂತೆ ಹೊರಗೆ ಹೋದ. ಕಲಿಯುವವಳು ತನ್ನದನ್ನು ಮಾಡಿದಳು. ಅದ್ದಿದಳು. ಎತ್ತಿದಳು. ನಿಂತಳು. ಅಜ್ಜಿ ಮಣೆಯಿಂದ ಅರ್ಧ ಎದ್ದಳು.

"ನಿನ್ನ ಕೈಗೆ ಏನಾಯ್ತೇ?"

"ಏನಿಲ್ಲ ಅಜ್ಜಿ."

"ಏನಿಲ್ಲ ಅಂದ್ರೆ? ನನಗೇನು ಕಣ್ಣಿಲ್ವಾ? ಅದನ್ನ ತೊಟ್ಟಿಗೆ ಹಾಕು, ಇನ್ನೊಂದು ಮಾಡು."

"ಇದೇ ಇರಲಿ."

ಅಜ್ಜಿ ಹಾಳೆಯನ್ನೂ ನೋಡಿದಳು, ಕಂಬಳಿಯ ಮೇಲಿದ್ದ ಅವನ ಹಾಳೆಯನ್ನೂ ನೋಡಿದಳು. ಮತ್ತೆ ಮಣೆಯ ಮೇಲೆ ಕೂತಳು. ದನಿ ತಗ್ಗಿಸಿ, "ಹೆಸರಿನ ಪುಸ್ತಕ ನಿನ್ನ ಹಾಳೆಗೆ ಕಾಯ್ತಾ ಇದೆ. ನಿಮ್ಮಮ್ಮ ಊರಿಗೆಲ್ಲ ಹೇಳ್ಕೊಂಡು ಬಂದಿದಾಳೆ. ಗೊತ್ತಿದ್ದೇ ಮಾಡ್ತಿದೀಯಾ?"

ಅವಳು ತಲೆಯಾಡಿಸಿದಳು.

"ನಾಳೆ ಆದಮೇಲೆ ಇದನ್ನ ಬಿಟ್ಟುಬಿಡ್ತೀನಿ ಅಂದುಕೊಂಡಿದೀಯೇನೋ. ಅರವತ್ತು ವರ್ಷದಿಂದ ಕೈಗಳನ್ನೇ ನೋಡ್ತಿದೀನಿ ಮಗಳೇ. ಒಳಗೆ ಬಂದದ್ದು ಹೊರಗೆ ಹೋಗಿದ್ದು ನಾನು ನೋಡಿಲ್ಲ."

"ನಿನ್ನೆ ಬಿಟ್ಟು ನೋಡಿದೆ ಅಜ್ಜಿ" ಎಂದಳು ಕಲಿಯುವವಳು. "ಹೋಗಲಿಲ್ಲ."

ಸಾಕ್ಷಿ ನೋಡಬಹುದು, ಹೇಳಬಾರದು. ಅಜ್ಜಿ ಮಡಿಲಿಂದ ಕೆಂಪು ದಾರ ತೆಗೆದಳು, ಬಿಳಿ ದಾರ ತೆಗೆದಳು. ಗಂಟು ಹಾಕಲು ಅವಳಿಗೆ ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತು.

ಮರುದಿನ ಚಾಪೆ ಹಾಸಿದರು. ದೋಣಿ ನೀರಿಗಿಳಿಯಿತು. ಬೀಗದವನು ಗಂಟು ಹೊತ್ತು ಬಂದು, ಬೀಗ ಎತ್ತಿ, ಬೀಗಕ್ಕೆ ಬಯ್ದು, ಪಕ್ಕಕ್ಕೆ ಸರಿದು ನಿಂತ. ಕಾಗದದವನ ಸರದಿ ಬಂತು.

"ನಿನ್ನದು ಎತ್ತು" ಎಂದಳು ಸಾಕ್ಷಿಯಜ್ಜಿ.

ಅವನು ಎರಡೂ ಹಾಳೆಯನ್ನು ಬಿಸಿಲಿಗೆ ಹಿಡಿದ. ಇಳಿಸಿದ. ಮತ್ತೆ ಹಿಡಿದ. ಸೂರ್ಯನಿಗೆ ಬೆನ್ನು ಹಾಕಿ ನಿಂತು ಹಿಡಿದ. ಜನ ಕತ್ತು ಉದ್ದ ಮಾಡಿದರು.

"ಏನಣ್ಣ, ಮಗಳ ಮದುವೆಗೆ ಸೀರೆ ಆರಿಸ್ತಿದೀಯಾ?" ಎಂದ ಬೀಗದವನು.

ಕಾಗದದವನಿಗೆ ಕೇಳಿಸಲಿಲ್ಲ. ಎರಡರಲ್ಲೂ ಗೆರೆ ಇತ್ತು. ಎರಡೂ ಗೆರೆ ಅಂಚಿನಲ್ಲಿ ದಪ್ಪವಾಗಿದ್ದು ಒಳಗೆ ಕರಗಿದ್ದವು. ಅವನು ಕಲಿಯುವವಳ ಕಡೆ ನೋಡಿದ. ಅವಳು ಎಂದಿನ ಹಾಗೆ ತನ್ನ ಕಾಲ್ಬೆರಳು ನೋಡುತ್ತಿದ್ದಳು. ಅವನು ಕಣ್ಣು ಮುಚ್ಚಿ ಹೆಬ್ಬೆರಳು ಆಡಿಸಿದ. ಒಂದು ಗೆರೆ ಕೂದಲಿನಷ್ಟು ಹೆಚ್ಚು ಅಗಲವಿತ್ತು. ಹೆಚ್ಚು ಹೊತ್ತು ಕಾದದ್ದು, ಹೆಚ್ಚು ಸೋತದ್ದು. ಹತ್ತೊಂಬತ್ತು ವರ್ಷ ಕಾದವನು ತಾನಲ್ಲದೆ ಇನ್ನಾರು ಇರಲು ಸಾಧ್ಯ?

ಅದನ್ನು ಎತ್ತಿದ. "ನಂದು" ಎಂದ.

ಸಾಕ್ಷಿಯಜ್ಜಿ ಅವನ ಕೈಯಿಂದ ಹಾಳೆ ತೆಗೆದುಕೊಂಡು ದಾರ ಬಿಚ್ಚಿ ಎಲ್ಲರಿಗೂ ಕಾಣುವಂತೆ ಹಿಡಿದಳು. "ಬಿಳಿ" ಎಂದಳು. "ಅವಳದು."

ಊರಿನವರು ಹೋ ಎಂದು ಕೂಗಿದರು. ಕಾಗದ ತಮ್ಮದಾಯಿತು ಎಂದು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಆದರೆ ಬಂದವರ ಬೀದಿಯವರು ಕೂಗಲಿಲ್ಲ. ಎರಕದವನು ಕಡಲ ಕಡೆ ತಿರುಗಿದ. ಕನ್ನಡಿಯವಳು ತಲೆ ತಗ್ಗಿಸಿದಳು. ಗುಂಪಿನ ನಡುವೆ ಒಬ್ಬನ ಪಂಚೆ ಜಾರಿದರೆ ಮರ್ಯಾದೆಯುಳ್ಳವರು ಹೇಗೆ ಬೇರೆಲ್ಲೋ ನೋಡುತ್ತಾರೋ ಹಾಗೆ. ಬೀಗದವನು ಹೆಗಲ ಗಂಟನ್ನು ಮರಳಿನ ಮೇಲಿಟ್ಟು, "ತನ್ನದು ತನಗೇ ಗೊತ್ತಾಗಲಿಲ್ಲವಲ್ಲೋ ಮಾರಾಯ" ಎಂದ. ಬಯ್ಯಲಿಲ್ಲ. ಅತ್ತ ಹಾಗಿತ್ತು.

ಎತ್ತಿದ ದಿನವೇ ಹೋಗತಕ್ಕದ್ದು. ಕಾಗದದವನ ತಲೆಗೆ ಎಣ್ಣೆಯೊತ್ತಿ, ಹೊಸ ಬಟ್ಟೆ ಉಡಿಸಿ ದೋಣಿಯ ಹತ್ತಿರ ಕರೆತಂದರು. ಕಲಿಯುವವಳು ದೋಣಿಯ ಹಗ್ಗದ ಪಕ್ಕ ನಿಂತಿದ್ದಳು. ಅವನು ಅವಳ ಬಲಗೈ ಹಿಡಿದು ಅಂಗೈ ಮೇಲಾಗಿ ತಿರುಗಿಸಿದ, ವೈದ್ಯರು ನೋಡುವ ಹಾಗೆ.

"ಯಾವಾಗಿಂದ?"

"ಮಳೆ ಬಿಟ್ಟಾಗಿಂದ."

"ನಿನ್ನ ಹಾಳೆ ಆಕಾಶದ ಹಾಗಿತ್ತು" ಎಂದ ಅವನು. "ಎಂಥ ಕೆಲಸ ಮಾಡಿದೆ ತಾಯಿ."

"ಒನಕೆ ನಿಲ್ಲೋದರೊಳಗೆ ಹೋಗಿ" ಎಂದಳು.

"ನಾನು ತಟ್ಟಬಾರದಿತ್ತು."

"ನಾನೇ ಕೇಳಿದ್ದು."

ಹುಟ್ಟು ಹಾಕುವವರು ಅವಸರ ಮಾಡಿದರು. ಅವನು ದೋಣಿಯಲ್ಲಿ ಕೂತು ಏನೋ ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಊರಿನ ಗಂಟೆ ಮೊಳಗತೊಡಗಿತು, ಹೇಳಿದ್ದು ಅವಳಿಗೆ ಕೇಳಿಸಲಿಲ್ಲ.

ತೊಟ್ಟಿಯ ಮನೆ ಅವಳದಾಯಿತು. ಹೆಸರಿನ ಪುಸ್ತಕಕ್ಕೆ ಅವಳ ಹಾಳೆಗಳನ್ನೇ ಹೊಲಿದರು. ಬರೆಯುವವರು ಎಡದಂಚಿನಿಂದ ಶುರುಮಾಡುತ್ತಾರೆ. ಗೆರೆಯ ದಪ್ಪ ಜಾಗ ಹೀರಿಕೊಂಡು ಶಾಯಿ ಹರಡಿತು. ಆ ವರ್ಷ ಹುಟ್ಟಿದ ಎಲ್ಲ ಮಕ್ಕಳ ಹೆಸರಿನ ಮೊದಲ ಅಕ್ಷರ ಒದ್ದೆಯಾಗಿ ಊದಿಕೊಂಡಿತು. ತಾಯಂದಿರು ಗೊಣಗಿದರು. ಹಿರಿಯರು ಬಂದು, "ಮೊದಲಿನ ಹಾಗೆ ಮಾಡಮ್ಮ, ಮೊದಲು ಎಷ್ಟು ಚೆನ್ನಾಗಿ ಮಾಡ್ತಿದ್ದೆ" ಎಂದರು. ಅವಳು ಹೂಂ ಎಂದಳು. ಅದ್ದಿದಳು, ಎತ್ತಿದಳು, ನಿಂತಳು. ಅವಳ ಅಮ್ಮ ಮನೆಯಿಂದ ಹೊರಗೆ ಬರುವುದನ್ನು ಕಡಿಮೆ ಮಾಡಿದಳು. ಕೊನೆಗೆ ಹಿರಿಯರು ಕರೆಯುವವನನ್ನು ಕರೆದು, ಎಲ್ಲಿಂದಾದರೂ ತಪ್ಪಿಲ್ಲದ ಕೈಯ ಕಾಗದದವನೊಬ್ಬನನ್ನ ಕರೆತಾ ಎಂದು ಓಲೆ ಕೊಟ್ಟು ಕಳಿಸಿದರು.

ಸಂಜೆ ಅವಳು ಕೆಲಸ ಮುಗಿಸಿ ಬರುವಾಗ ಬೀಗದವನು ತನ್ನ ಜಗಲಿಯ ಮೇಲೆ ಚೂರು ಸರಿದು ಜಾಗ ಬಿಡುತ್ತಿದ್ದ. ಊರಿನವರು ಆ ಜಗಲಿಗಳ ಮೇಲೆ ಕೂರುವ ರೂಢಿಯಿರಲಿಲ್ಲ. ಅವಳು ಕೂತಳು.

ಕರೆಯುವವನು ಎರಡು ವರ್ಷದ ಮೇಲೆ ಒಬ್ಬನೇ ಹಿಂದಿರುಗಿದ. ಹಿರಿಯರಿಗೆ ಲೆಕ್ಕವಿಲ್ಲದಷ್ಟು ನೆಪ ಹೇಳಿ, ತೊಟ್ಟಿಯ ಮನೆಗೆ ಬಂದು, ಬಾಗಿಲಲ್ಲಿ ನಿಂತು ಕುಡಿಯಲು ನೀರು ಕೇಳಿದ. ಅವಳು ಕೊಟ್ಟಳು.

"ಕಾಗದದಣ್ಣನನ್ನ ನೋಡಿದೆ" ಎಂದ.

ಅವಳ ಕೈಯಲ್ಲಿ ಜರಡಿ ಇತ್ತು. "ಒನಕೆ?"

"ಅವನು ಹೋದಮೇಲೂ ಏಳು ತಿಂಗಳು ನಡೀತಂತೆ. ನಾನು ಹೋದಾಗ ಅದರ ಕೊನೇ ವಾರ. ಆಹಾ, ಎಂಥ ಸದ್ದು! ಹಲ್ಲು ಅದುರುತ್ತೆ. ಅವನು ಅಲ್ಲೇ ತೊಟ್ಟಿ ಮುಂದೆ ನಿಂತಿದ್ದ. ಚೆನ್ನಾಗಿದಾನೆ, ಚೂರು ದಪ್ಪ ಆಗಿದಾನೆ. ಆದರೆ ಅಲ್ಲಿಯವರಿಗೂ ಅವನಿಗೂ ತಾಳ ಕೂಡಲ್ಲ. ಎಲ್ಲರೂ ವಾಲಿಸಿ ಮುಗಿಸಿದ ಮೇಲೆ ಇವನು ವಾಲಿಸ್ತಾನೆ. ಅವನ ಹಾಳೆಗೆ ಒಂದು ಗೆರೆ ಬರುತ್ತಂತೆ. ಅಲ್ಲಿಯವರು ಅವನನ್ನ ಕಡಲಾಚೆಯವನು ಅಂತ ಕರೀತಾರೆ. ಅವನೂ ಓ ಅಂತಾನೆ, ನಗ್ತಾನೆ."

ಅವಳು ಜರಡಿಯನ್ನು ಹಲಗೆಗೆ ಒರಗಿಸಿಟ್ಟಳು. "ನೀವು ಕೇಳಿದಿರಲ್ಲ. ಹೇಗಿತ್ತು? ತಟ್ಟಿ."

ಕರೆಯುವವನು ಚೊಂಬು ಕೆಳಗಿಟ್ಟು ಬಾಗಿಲ ಚೌಕಟ್ಟಿನ ಮೇಲೆ ತಟ್ಟಿದ. ಧಬ್ ಧಬ್ ಧಬ್. ಧಬ್ ಧಬ್ ಧಬ್. ಒಂದರ ಹಿಂದೊಂದು, ಅವಸರದಲ್ಲಿ, ಮೂರೂ ಒಂದೇ ಸಮ. ನಡುವೆ ಎಲ್ಲೂ ನಿಲ್ಲಲಿಲ್ಲ.

"ಅದಲ್ಲ" ಎಂದಳು.

"ಅಯ್ಯೋ, ನಾನೇ ಪಕ್ಕದಲ್ಲಿ ನಿಂತು ಕೇಳಿದ್ದು ತಾಯಿ. ಒಂದು ವಾರ ಕೇಳಿದೀನಿ."

"ನಿಮಗೆ ಸರಿಯಾಗಿ ಕೇಳಿಸಿಲ್ಲ. ಮೂರನೇದು ದೊಡ್ಡದು. ಅದರ ಹೆಸರು ಸೋಂಬೇರಿ. ಏಳೋದು ನಿಧಾನ." ಅವಳು ಒದ್ದೆ ಅಂಗೈಯಿಂದ ಹಲಗೆಯ ಮೇಲೆ ತಟ್ಟಿ ತೋರಿಸಿದಳು. ಧಬ್. ಧಬ್. ಆಮೇಲೆ ಏನೂ ಇಲ್ಲ. ಆಮೇಲೆ, ಧಬ್. "ಹೀಗೆ."

ಕರೆಯುವವನು ಬಾಯಿ ತೆರೆದ. ಅಲ್ಲಿ ಮೂರೂ ಒನಕೆ ಒಂದೇ ಅಳತೆಯವು, ತಾನು ಕೈಯಿಟ್ಟು ನೋಡಿದ್ದೇನೆ ಎಂದು ಹೇಳುವುದಿತ್ತು. ಅವಳ ಮುಖ ನೋಡಿ ಬಾಯಿ ಮುಚ್ಚಿದ.

ಅವಳು ತೊಟ್ಟಿಯ ಕಡೆ ತಿರುಗಿದಳು. ಜರಡಿ ಅದ್ದಿದಳು. ಎತ್ತಿದಳು. ಕತ್ತನ್ನು ಒಂದು ಪಕ್ಕಕ್ಕೆ ವಾಲಿಸಿ ನಿಂತಳು. ನೀರು ಜರಡಿಯಿಂದ ತೊಟತೊಟ ಇಳಿಯಿತು, ಆಮೇಲೆ ಅದೂ ನಿಂತಿತು. ಕರೆಯುವವನಿಗೆ ಇನ್ನೂ ಮೂರು ಮನೆಗೆ ಹೋಗುವುದಿತ್ತು. ಆದರೂ ಅವನು ಬಾಗಿಲಲ್ಲೇ, ಉಸಿರು ಹಿಡಿದು, ಅವಳ ಜೊತೆ ಕಾದ.